ಬರಬೇಡ ಎಂದು ಬೀಸಿದ ಸೀರೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು, ಮನೆಯವರಿಗೂ ಗೊತ್ತು. ಆ ದಿನ ಬೆಳಿಗ್ಗೆ ಅದು ಮೂಗು ದಾಟಿ ಬಾಯಿಗೆ ಬಂದಿತ್ತು. ದಸರಾ ರಜೆ. ವರ್ಷವಿಡೀ ಮಕ್ಕಳೆದುರು ಗಂಟಲು ಹರಿದುಕೊಳ್ಳುವವಳಿಗೆ ನಾಲ್ಕು ದಿನ ಹೊದ್ದು ಮಲಗುವ ಹಕ್ಕೂ ಇಲ್ಲವೇ? ನಮ್ಮ ಅತ್ತೆಯ ಪ್ರಕಾರ ಇಲ್ಲ.

"ಅಕ್ಕೋರಿಗೆ ರಜೆ ಕೊಟ್ರು ಹೇಳಿ ಹಕ್ಕಿಗೆ ರಜೆ ಕೊಟ್ಟಿದ್ರಾ? ಏಳು ತಂಗಿ" ಎಂದು ಅವರು ಚಾದರ ಎಳೆದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ. ಅತ್ತೆ ನನ್ನನ್ನು ಹಾಗೆ ಕರೆದರೆ ಅದರಲ್ಲಿ ಮರ್ಯಾದೆಗಿಂತ ಚುಚ್ಚುಮಾತೇ ಹೆಚ್ಚು.

"ಈ ಮಳೆಯಲ್ಲಿ ಯಾವ ಹಕ್ಕಿ ಬರ್ತದೆ ಅತ್ತೆ?" ಎಂದೆ.

"ಮಳೆ ಬಿಟ್ಟ ಕೂಡ್ಲೆ ಬತ್ತದೆ. ಹಸಿದ ಹಕ್ಕಿ ನಿನ್ನ ಹಾಂಗೆ ಹೊದ್ಕಂಡು ಮಲಗೂದಿಲ್ಲ."

ಛತ್ರಿ ಹಿಡಿದು ಗೊಣಗುತ್ತ ಗಜನಿಗೆ ಹೊರಟೆ. ಗಜನಿ ಎಂದರೆ ಅಘನಾಶಿನಿ ಹೊಳೆಯ ಅಂಚಿನ ಗದ್ದೆ. ಮಿರ್ಜಾನದ ಕೆಳಗೆ, ಹೊಳೆಗೂ ಗದ್ದೆಗೂ ನಡುವೆ ಉದ್ದಕ್ಕೆ ಒಂದು ಮಣ್ಣಿನ ಕಟ್ಟೆಯಿದೆ. ಕಟ್ಟೆಯ ಒಂದು ತುದಿಯಲ್ಲಿ ಹಲಗೆಗಳ ಬಾಗಿಲು. ಇಳಿತದ ಹೊತ್ತಿಗೆ ಹಲಗೆಗಳನ್ನು ಎತ್ತಿ ಗದ್ದೆಯಲ್ಲಿ ನಿಂತ ಮಳೆನೀರನ್ನು ಹೊಳೆಗೆ ಬಿಡುವುದು, ಉಬ್ಬರ ಬರುವ ಮೊದಲೇ ಅವನ್ನು ಇಳಿಸಿ ಉಪ್ಪುನೀರನ್ನು ಹೊರಗೇ ತಡೆಯುವುದು, ಇದು ಇಲ್ಲಿಯ ಕ್ರಮ. ಈ ಬಾಗಿಲು ನೋಡಿಕೊಳ್ಳುವ ಕೆಲಸ ನನ್ನ ಗಂಡನ ಅಣ್ಣನದು. ಇಂಥ ಗದ್ದೆಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಎದೆಯೆತ್ತರದ ಪೈರು, ಕೆಂಪು ಅಕ್ಕಿ, ಅಲ್ಪಸ್ವಲ್ಪ ಉಪ್ಪಿಗೆ ಜಪ್ಪಯ್ಯ ಎನ್ನದ ಬೆಳೆ. ಪೈರಿನ ಕೆಳಗೆ ಮಾತ್ರ ತಳವೇ ಸಿಗದಂಥ ಕೆಸರು. ನಾನು ಹಳದೀಪುರದ ತೆಂಗಿನ ತೋಟಗಳಲ್ಲಿ ಒಣ ಮರಳಿನ ಮೇಲೆ ಓಡಾಡಿ ಬೆಳೆದವಳು. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದರೂ ಗಜನಿಯ ಕೆಸರಿನಲ್ಲಿ ನಡೆಯಲು ನನಗೆ ಬಂದಿಲ್ಲ. ಅದಕ್ಕೇ ನನ್ನನ್ನು ಕಟ್ಟೆಯ ಮೇಲೆ ನಿಲ್ಲಿಸುತ್ತಾರೆ. ಉದ್ದನೆಯ ಬಿದಿರ ಗಳುವಿಗೆ ನನ್ನದೇ ಒಂದು ಹಳೆಯ ಕೆಂಪು ಸೀರೆ ಕಟ್ಟಿಕೊಟ್ಟಿದ್ದಾರೆ. ಹಕ್ಕಿ ಇಳಿದರೆ ಅದನ್ನು ಆಡಿಸುವುದು ನನ್ನ ಪಾಲಿನ ಬೇಸಾಯ.

ಇಲ್ಲಿ ಬಟ್ಟೆ ಬೀಸುವ ವಿಷಯವಾಗಿ ಒಂದು ಮಾತು ಹೇಳಿಬಿಡಬೇಕು. ನಮ್ಮ ಹೊಳೆಯ ದಂಡೆಯಲ್ಲಿ ಆಚೆಯ ದೋಣಿಯನ್ನು ಕರೆಯಬೇಕಾದರೆ ಯಾರೂ ಬಟ್ಟೆ ಬೀಸುವುದಿಲ್ಲ. ಬಾಯಿಗೆ ಕೈಯಿಟ್ಟು "ಕೂ" ಹಾಕುತ್ತೇವೆ. ಕೂ ಎಂದರೆ ಬಾ. ಬಟ್ಟೆ ಬೀಸಿದರೆ ಬರಬೇಡ, ಇಲ್ಲಿ ನೀರು ಸರಿಯಿಲ್ಲ, ಕೆಸರಿಗೆ ಸಿಕ್ಕಿಬೀಳುತ್ತೀಯ, ಆಚೆ ಹೋಗು ಎಂದು ಅರ್ಥ. ಇದನ್ನು ಯಾರೂ ಕಲಿಸಿದ್ದಲ್ಲ, ಹುಟ್ಟಿದ ಕೂಸಿಗೂ ಗೊತ್ತು. ಲೋಕದಲ್ಲಿ ಬೇರೆ ಥರವೂ ಇರಬಹುದೆಂಬ ಯೋಚನೆ ನನಗೆ ಆವರೆಗೆ ಒಮ್ಮೆಯೂ ಬಂದಿರಲಿಲ್ಲ, ನಾನೊಬ್ಬ ಟೀಚರು!

ಅರಬ್ಬಿ ಸಮುದ್ರದಲ್ಲಿ ಎಲ್ಲೋ ಚಂಡಮಾರುತವೆಂದು ಎರಡು ದಿನದಿಂದ ಮೋಡ ತೆಂಗಿನ ತಲೆಗೇ ಇಳಿದು ಕೂತಿತ್ತು. ಬೆಳಗಿನ ಹತ್ತು ಗಂಟೆಯಾದರೂ ಹೊಳೆಯ ಆಚೆ ದಡ ಕಾಣುತ್ತಿರಲಿಲ್ಲ. ಗದ್ದೆಯಲ್ಲಿ ನೀರು ತುಂಬಿದ್ದರಿಂದ ಅತ್ತೆ, ಭಾವ, ಮತ್ತೆ ಅಕ್ಕಪಕ್ಕದ ಗದ್ದೆಯ ಏಳೆಂಟು ಜನ ಬಾಗಿಲ ಹತ್ತಿರ ಸೇರಿ ಹಲಗೆಗಳನ್ನು ಎತ್ತಿ ಕಟ್ಟೆಯ ಮೇಲೆ ಒಟ್ಟಿದ್ದರು. ನಾನು ಅವರಿಂದ ದೂರದಲ್ಲಿ, ಕಟ್ಟೆಯ ನಡುಮಧ್ಯೆ ಒಬ್ಬಳೇ ನಿಂತು ಚಳಿಗೆ ನಡುಗುತ್ತ ಅತ್ತೆಯನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ.

ಆಗ ಒಂದು ಸದ್ದು ಕೇಳಿತು. ಸಿಗಡಿ ಕೆರೆಯ ಪಂಪ್‌ಸೆಟ್ ಹಾಳಾಗಿರಬೇಕು ಎಂದುಕೊಂಡೆ. ಟರ್ರ್ ಎನ್ನುವುದು, ಕೆಮ್ಮುವುದು, ನಿಲ್ಲುವುದು, ಮತ್ತೆ ಟರ್ರ್. ನೋಡುತ್ತೇನೆ, ಪಂಪ್‌ಸೆಟ್ಟಲ್ಲ, ಮೋಡದ ಹೊಟ್ಟೆ ಸೀಳಿಕೊಂಡು ಒಂದು ಪುಟ್ಟ ಬಿಳಿ ವಿಮಾನ ಬರುತ್ತಿದೆ! ಎಷ್ಟು ಕೆಳಗೆ ಎಂದರೆ ಅದರ ಚಕ್ರಗಳಿಂದ ನೀರು ತೊಟ್ಟಿಕ್ಕುವುದು ಕಾಣುತ್ತಿತ್ತು. ನನ್ನ ತಲೆಯ ಮೇಲೆಯೇ ಹಾದು ರೈಲ್ವೆ ಸೇತುವೆಯ ಕಡೆ ಹೋಗಿ, ಮಳೆಯಲ್ಲಿ ಮುಚ್ಚಿಹೋಗಿ, ಮತ್ತೆ ತಿರುಗಿ ಬಂತು. ಈ ಸಲ ಹೊಳೆಯ ಮೇಲೆ, ಇನ್ನೂ ಕೆಳಗೆ.

ಇಳಿಯಲು ಜಾಗ ಹುಡುಕುತ್ತಿದ್ದಾನೆ ಎಂದು ಹೊಳೆಯಿತು. ಮೇಲಿನಿಂದ ನೋಡುವವನಿಗೆ ನಮ್ಮ ಗಜನಿ ಹೇಗೆ ಕಂಡೀತು? ಹಸಿರಾಗಿ, ಸಪಾಟಾಗಿ, ಮೈದಾನದ ಹಾಗೆ. ಅಯ್ಯೋ ದೇವರೇ, ಇವನು ಇದನ್ನು ಗಟ್ಟಿ ನೆಲ ಅಂದುಕೊಂಡನಲ್ಲ, ಚಕ್ರ ತಾಗಿದರೆ ಸಾಕು, ಕೆಸರು ಹಿಡಿದು ಎಳೆದು ಬೀಳಿಸುತ್ತದಲ್ಲ! ಛತ್ರಿ ಬಿಸಾಡಿ ಆ ಗಳುವನ್ನು ಕಿತ್ತು ಎರಡೂ ಕೈಯಲ್ಲಿ ಹಿಡಿದು, ಸೀರೆಯನ್ನು ಈ ಕಡೆಯಿಂದ ಆ ಕಡೆಗೆ ಬೀಸಿದೆ. ಬರಬೇಡ, ಬರಬೇಡ ಮಾರಾಯ, ಹೋಗು!

ವಿಮಾನ ಹೊಳೆಯ ಮೇಲಿನಿಂದ ಮೂತಿ ತಿರುಗಿಸಿತು. ನೇರ ನನ್ನ ಕಡೆಗೆ.

ನಾನು ಇನ್ನೂ ಜೋರಾಗಿ ಬೀಸಿದೆ. ನಾನು ಬೀಸಿದಷ್ಟೂ ಅದು ನೆಟ್ಟಗೆ ಬಂತು. ಕೊನೆಗೆ ಗಳು ಬಿಟ್ಟು ಕಟ್ಟೆಯ ಮೇಲೆ ಮಕಾಡೆ ಬಿದ್ದೆ. ನನ್ನ ಮೇಲಿಂದ ದೊಡ್ಡದೊಂದು ಗಾಳಿ ಹೋಯಿತು. ತಲೆಯೆತ್ತಿ ನೋಡುವಾಗ ಚಕ್ರಗಳು ಕಗ್ಗವನ್ನು ಸೀಳುತ್ತಿದ್ದವು. ಮೂತಿ ನೆಲಕ್ಕೆ ಕುಕ್ಕಿತು, ಬಾಲ ಎದ್ದಿತು, ವಿಮಾನ ಬೆನ್ನಡಿಯಾಗಿ ಮಗುಚಿಕೊಂಡಿತು. ಆಮೇಲೆ ಮಳೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ನಾನೇ ಕರೆದೆ ಎಂಬುದೊಂದೇ ತಲೆಯಲ್ಲಿ. ನಾನು ಬೇಡ ಅಂದೆ, ಅವನಿಗೆ ಬಾ ಅಂತ ಕಂಡಿತು. ನಾನೇ ಕರೆದು ಬೀಳಿಸಿದೆ.

ಅಷ್ಟರಲ್ಲಿ ಬಾಗಿಲ ಕಡೆಯಿಂದ ಎಲ್ಲರೂ ಓಡಿಬಂದರು. ಗಜನಿಯವರು ಗಜನಿಯವರೇ. ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ಭಾರ ಎತ್ತಲಾಗದು ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಕಟ್ಟೆಯ ಮೇಲೆ ಒಟ್ಟಿದ್ದ ಬಾಗಿಲ ಹಲಗೆಗಳನ್ನೇ ಹೆಗಲಿಗೆ ಹಾಕಿಕೊಂಡು ಬಂದಿದ್ದರು. ಅವನ್ನು ವಿಮಾನದ ಸುತ್ತ ಕೆಸರಿನ ಮೇಲೆ ಹಾಸಿ ಅದರ ಮೇಲೆ ಮಂಡಿಯೂರಿದರು. ನಾನು ಕೊನೆಗೆ ಇಳಿದೆ, ನಾಲ್ಕು ಹೆಜ್ಜೆಗೆ ತೊಡೆಯವರೆಗೆ ಹೂತುಹೋದೆ.

"ಕಾಲು ಎತ್ತಬ್ಯಾಡ, ಎಳಿ! ಎಳೀತಾ ಬಾ!" ಎಂದು ಅತ್ತೆ ಗದರಿದರು. ಎಪ್ಪತ್ತು ದಾಟಿದ ಅವರು ಕೆಸರಿನ ಮೇಲೆ ಜಾರಿಕೊಂಡೇ ನನಗಿಂತ ಮುಂದೆ ಹೋಗಿ ಮುಟ್ಟಿದ್ದರು. ಪೆಟ್ರೋಲಿನ ವಾಸನೆ ಗಪ್ಪೆಂದು ಹೊಡೆಯುತ್ತಿತ್ತು. ಭಾವನ ತುಟಿಯಲ್ಲಿ ಬೀಡಿ ಇನ್ನೂ ಇತ್ತು. ಮಳೆಗೆ ಆರಿದ್ದೋ ಇಲ್ಲವೋ, ಅತ್ತೆ ಮಗನ ಬಾಯಿಗೆ ಪಟ್ಟಂತ ಹೊಡೆದು ಅದನ್ನು ನೀರಿಗೆ ಬೀಳಿಸಿದರು.

ಒಳಗೆ ಒಬ್ಬರೇ ಇದ್ದರು. ನೆರೆತ ಮೀಸೆ, ಐವತ್ತು ದಾಟಿದ ವಯಸ್ಸು. ಬೆಲ್ಟಿಗೆ ಸಿಕ್ಕಿ ತಲೆಕೆಳಗಾಗಿ ನೇತಾಡುತ್ತಿದ್ದರು. ಹಣೆಯಲ್ಲಿ ರಕ್ತ. ಒಂದು ಕಾಲು ಮುಂದಿನ ತಗಡಿನಡಿ ಸಿಕ್ಕಿಕೊಂಡಿತ್ತು. ಅವರ ತಲೆಗೂ ಗದ್ದೆಯ ನೀರಿಗೂ ನಡುವೆ ಒಂದು ಗೇಣು ಅಂತರ, ಹೆಚ್ಚಿಲ್ಲ. ಬೆಲ್ಟು ಕತ್ತರಿಸಿದರೆ ತಲೆ ನೀರಿಗೆ, ಕಾಲು ಮೇಲೆಯೇ. ಮೊದಲು ವಿಮಾನವನ್ನು ಎತ್ತಿ, ಕಾಲು ಬಿಡಿಸಬೇಕು. ಅವರಿಗೆ ಎಚ್ಚರವಿತ್ತು. ನನ್ನ ಮುಖ ನೋಡಿ ಹಿಂದಿಯಲ್ಲಿ ಕೇಳಿದರು: "ಇಲ್ಲಿ ನೀರು ಏರುತ್ತದೆಯೇ?"

ಆ ಗುಂಪಿನಲ್ಲಿ ಹಿಂದಿ ಬರುತ್ತಿದ್ದವಳು ನಾನೊಬ್ಬಳೇ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ಟೀಚರಾದ ನಾನು ಮುಖ ಗಟ್ಟಿಮಾಡಿಕೊಂಡು ಹೇಳಿದೆ, "ಇಲ್ಲ, ಏರುವುದಿಲ್ಲ. ಹೆದರಬೇಡಿ."

ಅತ್ತೆಗೆ ಹಿಂದಿ ತಿಳಿಯದು. ಆದರೆ ಅವರು ನೀರನ್ನೇ ನೋಡುತ್ತಿದ್ದರು. ಅದುವರೆಗೆ ಬಾಗಿಲ ಕಡೆಗೆ ಹರಿಯುತ್ತಿದ್ದ ಕಸಕಡ್ಡಿ ಒಂದು ಕ್ಷಣ ನಿಂತು, ನಿಧಾನವಾಗಿ ಈ ಕಡೆಗೆ ತಿರುಗಿತು.

"ಹೊಳೆ ತಿರುಗ್ತು" ಎಂದರು ಅತ್ತೆ. ಮತ್ತೆ ಒಂದೇ ಉಸಿರಿಗೆ, "ಬಾಗಿಲು ಹಾಕಿದ್ಯನಾ?"

ಭಾವನೂ ಉಳಿದವರೂ ತಮ್ಮ ಮಂಡಿಯ ಕೆಳಗೆ ನೋಡಿಕೊಂಡರು. ಬಾಗಿಲು ಅಲ್ಲಿತ್ತು. ಅಷ್ಟೂ ಹಲಗೆಗಳು ಕೆಸರಿನ ಮೇಲೆ, ಅವುಗಳ ಮೇಲೆ ಎಂಟು ಜನ, ಆ ಎಂಟು ಜನರ ಹೆಗಲ ಮೇಲೆ ವಿಮಾನದ ರೆಕ್ಕೆ. ಒಂದು ಹಲಗೆ ತೆಗೆದರೂ ಜನ ಹೂತುಹೋಗುತ್ತಾರೆ, ವಿಮಾನ ಇನ್ನೊಂದು ಗೇಣು ಇಳಿಯುತ್ತದೆ. ತೆಗೆಯದಿದ್ದರೆ ಹೊಳೆ ಒಳಗೆ ಬರುತ್ತದೆ. ಒಂದು ಗೇಣು ಏರಲು ಅದಕ್ಕೆ ಎಷ್ಟು ಹೊತ್ತು? ತಲೆಕೆಳಗಾಗಿ ನೇತಾಡುತ್ತಿದ್ದ ಅವರ ಮುಖವನ್ನು ಮತ್ತೆ ನೋಡುವ ಧೈರ್ಯ ನನಗಾಗಲಿಲ್ಲ.

"ನೀ ಬಾ" ಎಂದು ಅತ್ತೆ ನನ್ನ ಕೈ ಹಿಡಿದು ಎಳೆದರು. "ಇಲ್ಲಿ ನಿಂತು ಎಂತ ಮಾಡ್ತೆ? ದೋಣಿ ತಕಾ."

ಕಗ್ಗದ ತೆನೆಯನ್ನು ನೀರಿನಲ್ಲೇ ನಿಂತು ಕೊಯ್ದು ತುಂಬಿಸಲು ಗದ್ದೆಯಲ್ಲಿ ಒಂದು ಸಣ್ಣ ದೋಣಿ ಇರುತ್ತದೆ. ಒಂದೇ ಮರ ಕೊರೆದು ಮಾಡಿದ್ದು, ಕಲ್ಲಿನಷ್ಟು ಭಾರ. ಅದನ್ನು ನಾವಿಬ್ಬರೂ ಕಟ್ಟೆಯ ಅಂಚಿನ ಕಾಲುವೆಯಲ್ಲಿ ನೂಕುತ್ತ ಬಾಗಿಲವರೆಗೆ ತಂದೆವು. ಬಾಗಿಲ ಎರಡು ಕಂಬಗಳ ನಡುವೆ ಕಂದು ನೀರು ಬುಸುಬುಸು ಎಂದು ಒಳಗೆ ನುಗ್ಗುತ್ತಿತ್ತು. ದೋಣಿಯನ್ನು ಕಟ್ಟೆ ಹತ್ತಿಸಿ ಹೊಳೆಯ ಬದಿಗೆ ಇಳಿಸಬೇಕೆಂದು ಅತ್ತೆ ಹೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ.

"ಎಂತಕ್ಕೆ ಅತ್ತೆ? ದೋಣಿಯಲ್ಲಿ ಎಲ್ಲಿಗೆ ಹೋಗೂದು?"

"ಎಲ್ಲಿಗೂ ಹೋಗೂದಲ್ಲ. ಅಡ್ಡ ಹಾಕೂದು. ನೀರನ್ನ ತಡೆಯೂಕೆ ನಿನ್ನ ಕೈಯಲ್ಲೂ ಆಗೂದಿಲ್ಲ, ನನ್ನ ಕೈಯಲ್ಲೂ ಆಗೂದಿಲ್ಲ. ನೀರೇ ತಡೀಬೇಕು. ಎತ್ತು!"

ಹೇಗೆ ಎತ್ತಿದೆವೋ ದೇವರಿಗೇ ಗೊತ್ತು. ಒದ್ದೆ ಮಣ್ಣಿನ ಮೇಲೆ ಜಾರಿಸಿ ಆಚೆಗೆ ಬೀಳಿಸಿದೆವು. ಅತ್ತೆ ಸೊಂಟದ ನೀರಿನಲ್ಲಿ ನಿಂತು ದೋಣಿಯನ್ನು ಮಗ್ಗುಲಾಗಿ, ಅದರ ಬಾಯಿ ಹೊಳೆಯ ಕಡೆಗೆ ಬರುವಂತೆ, ಕಂಬಗಳಿಗೆ ಅಡ್ಡ ತಿರುಗಿಸಿದರು. ಹರಿವು ಅದನ್ನು ಸೆಳೆದು ಧಡ್ ಎಂದು ಎರಡೂ ಕಂಬಗಳಿಗೆ ಒತ್ತಿ ಹಿಡಿಯಿತು. ಹೊಳೆ ಏರಿದಷ್ಟೂ ದೋಣಿ ಇನ್ನೂ ಗಟ್ಟಿ ಕೂರುತ್ತದೆ ಎಂಬುದು ಆಗ ನನ್ನ ಬುದ್ಧಿಗೆ ಬಂತು. ನಾನು ಮಕ್ಕಳಿಗೆ ವಿಜ್ಞಾನ ಕಲಿಸುವವಳು!

ಆದರೂ ಅಡಿಯ ಸಂದಿನಿಂದ ನೀರು ಬರುತ್ತಲೇ ಇತ್ತು. ಕಟ್ಟೆಯ ಮೇಲೆ ಓಡಿಹೋಗಿ ಬಿದ್ದಿದ್ದ ಆ ಕೆಂಪು ಸೀರೆಯನ್ನು ಗಳುವಿನಿಂದ ಹರಿದು ತಂದೆ. ಅದನ್ನು ಸುತ್ತಿ ಸುತ್ತಿ ಸಂದಿಗೆ ತುರುಕಿದೆವು. ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಮಣ್ಣು. ಎದೆಯವರೆಗಿನ ನೀರಿನಲ್ಲಿ ನಿಂತು ಕಾಲಿನಿಂದಲೇ ತುಳಿದು ಮೆತ್ತುತ್ತಿರುವಾಗ ನನಗೆ ತಡೆಯಲಾಗಲಿಲ್ಲ.

"ಅತ್ತೆ, ನಾನು ಸೀರೆ ಬೀಸಿದೆ. ಬರಬೇಡ ಅಂತ ಬೀಸಿದೆ. ಅವರು ಕರೆದೆ ಅಂದುಕೊಂಡು ಬಂದ್ರು. ನನ್ನಿಂದಲೇ ಆದದ್ದು ಅತ್ತೆ."

ಅತ್ತೆ ನನ್ನ ಮುಖ ನೋಡಿದರು. "ಆತು. ಈಗ ಮಣ್ಣು ಮೆತ್ತು" ಎಂದರು.

ಅಲ್ಲಿಂದ ವಿಮಾನ ಕಾಣುತ್ತಿರಲಿಲ್ಲ. ಎತ್ತುವವರ ಕೂಗು ಮಾತ್ರ ಕೇಳುತ್ತಿತ್ತು, ಒಬ್ಬೊಬ್ಬರದು ಒಂದೊಂದು ಹೊತ್ತಿಗೆ. ಅತ್ತೆ ಕಿವಿಗೊಟ್ಟು ಕೇಳಿ, "ಒಬ್ರು ಎತ್ತೂವಾಗ ಇನ್ನೊಬ್ರು ಉಸ್ರು ಬಿಡ್ತ್ರು. ಹಾಂಗಾದ್ರೆ ಏಳೂದಾ ಅದು?" ಎಂದು ಬೈದು, ಆ ನೀರಿನಲ್ಲೇ ನಿಂತು ನಾಟಿಯ ಹಾಡು ತೆಗೆದರು. ನಮ್ಮ ಕಡೆ ಸಸಿ ನೆಡುವಾಗ ಹೆಂಗಸರು ಹೇಳುವ ಹಾಡು ಅದು, ಸಾಲಿನ ಕೊನೆಗೆ ಎಲ್ಲರೂ ಒಟ್ಟಿಗೆ ಬಗ್ಗುತ್ತಾರೆ. ಅತ್ತೆಯ ಕಂಠ ಇಂಪೇನಲ್ಲ, ಆದರೆ ಹೊಳೆಯ ಆಚೆಗೆ ಕೇಳುವಂಥದು. ಎರಡು ಸಾಲು ಆಗುವುದರಲ್ಲಿ ಅಲ್ಲಿಯ ಹೆಂಗಸರು ಅದನ್ನು ಹಿಡಿದುಕೊಂಡರು. ಸಾಲಿನ ಕೊನೆಗೆ ಬಗ್ಗುವ ಬದಲು ಎತ್ತಿದರು. ಒಂದು ಸಾಲಿಗೆ ಒಂದು ಎತ್ತು. ನಾನೂ ಹಲ್ಲು ಕಟಕಟಿಸುತ್ತಲೇ ಹಾಡಿದೆ. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಜೊತೆ ನಾನು ಹಾಡಿದ್ದು ಅದೇ ಮೊದಲು.

ಎಷ್ಟು ಹೊತ್ತಾಯಿತೋ ತಿಳಿಯದು. ಹೊರಗಡೆ ಹೊಳೆ ದೋಣಿಯ ಅಂಚಿಗೆ ಎರಡು ಬೆರಳು ಕಡಿಮೆ ಇರುವಷ್ಟು ಏರಿತ್ತು. ಒಳಗೆ ಗದ್ದೆಯ ನೀರು ಮೊಣಕಾಲಿಗೇ ನಿಂತಿತ್ತು. ಇದ್ದಕ್ಕಿದ್ದಂತೆ ಹಾಡು ನಿಂತಿತು. ಅತ್ತೆಯೂ ನಿಲ್ಲಿಸಿದರು. ಸತ್ತರೇನೋ, ಅದಕ್ಕೇ ಸುಮ್ಮನಾದರೇನೋ.

ಆಮೇಲೆ ಗದ್ದೆಯ ನಡುವಿನಿಂದ ಒಬ್ಬರು "ಕೂ" ಹಾಕಿದರು. ಇನ್ನೊಬ್ಬರು ಹಾಕಿದರು. ಎಲ್ಲರೂ ಹಾಕಿದರು. ಬನ್ನಿ, ಬನ್ನಿ, ಬನ್ನಿ. ಅತ್ತೆ ನೀರಿನಲ್ಲೇ ನನ್ನನ್ನು ಬಾಚಿ ತಬ್ಬಿಕೊಂಡರು. ಇಬ್ಬರೂ ಅತ್ತೆವು.

ಕಾಲು ಬಿಡಿಸಿ ಹೊರತೆಗೆದ ಅವರನ್ನು ಬಾಗಿಲ ಹಲಗೆಯ ಮೇಲೆಯೇ ಮಲಗಿಸಿ ರಸ್ತೆಗೆ ಹೊತ್ತು ತಂದರು. ಆಂಬುಲೆನ್ಸ್ ಕುಮಟಾಕ್ಕೆ ಒಯ್ದಿತು, ಅಲ್ಲಿಂದ ಮಧ್ಯಾಹ್ನವೇ ಮಂಗಳೂರಿಗೆ ಕಳಿಸಿದರು. ನನ್ನ ಗಂಡನಿಗೆ ಹೊನ್ನಾವರದಲ್ಲಿ ಕೆಲಸ. ಆಫೀಸಿನ ಬಾಗಿಲಲ್ಲೇ ನಿಂತು ಫೋನ್ ಮಾಡಿದರು: "ಈಗ ಇಲ್ಲಿ ದಾಟಿತು." ಸ್ವಲ್ಪ ಹೊತ್ತಿಗೆ ಮಂಕಿಯಿಂದ ಚಿಕ್ಕಮ್ಮನ ಫೋನು: "ಈಗ ಹೋತು ಕಾಣು, ಗಾಳಿ ಹೋದಾಂಗೆ ಹೋತು." ಮತ್ತೆ ಭಟ್ಕಳದಿಂದ ನನ್ನ ಜೊತೆ ಟ್ರೇನಿಂಗ್ ಮಾಡಿದ ಗೆಳತಿ, "ಇಲ್ಲಿ ಜನ ರಸ್ತೆ ಬಿಡಿಸಿಕೊಟ್ರು. ನಮ್ಮ ಬೀದಿಯವರೆಲ್ಲ ದುವಾ ಮಾಡ್ತಿದ್ದಾರೆ" ಎಂದಳು. ಕರಾವಳಿಯುದ್ದಕ್ಕೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಿ ಕಳಿಸಿದ ಹಾಗೆ ಅವರು ಹೋದರು. ಭಟ್ಕಳದಾಚೆ ನನಗೆ ಫೋನು ಮಾಡುವವರು ಯಾರೂ ಇರಲಿಲ್ಲ. ಬದುಕುತ್ತಾರೆ ಎಂಬ ಸುದ್ದಿ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ನಾನು ಮನುಷ್ಯಳಾಗಿರಲಿಲ್ಲ.

ಊರಲ್ಲಿ ಹೊಗಳಿಕೆಯೋ ಹೊಗಳಿಕೆ. ಪೇಪರಿನವರು ಬಂದು ಅತ್ತೆಯನ್ನೂ ನನ್ನನ್ನೂ ದೋಣಿಯ ಪಕ್ಕ ನಿಲ್ಲಿಸಿ ಫೋಟೋ ಹೊಡೆದರು. ಅತ್ತೆ ಹೊಸ ಸೀರೆ ಉಟ್ಟು ನಿಂತರು. ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೊದಲು ಬೀಳಿಸಿ ಆಮೇಲೆ ಎತ್ತಿದವಳಿಗೆ ಶಾಲು ಹೊದಿಸುತ್ತಾರಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ವಾರದ ಮೇಲೆ ಇಬ್ಬರು ಅಧಿಕಾರಿಗಳು ವಿಚಾರಣೆಗೆ ಬಂದರು. ಹಿಂದಿನ ದಿನವೇ ಭಾವ ನನ್ನನ್ನು ಕೂರಿಸಿ ಹೇಳಿದ್ದರು: "ಸೀರೆ ಬೀಸಿದ ಸುದ್ದಿ ಎಂತಕ್ಕೆ ಹೇಳೂದು? ಕಂಡವರು ಯಾರೂ ಇಲ್ಲ. ಬಾಯಿ ಬಿಟ್ರೆ ಬಣ್ಣಗೇಡು. ನಿಂದು ಸರಕಾರಿ ನೌಕರಿ ಬೇರೆ." ಭಾವ ಕೆಟ್ಟವರಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನು ಅತ್ತೆಯ ಕಡೆ ನೋಡಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ, "ನಿನ್ನ ಹೊಟ್ಟೆ ಎಂತ ಹೇಳ್ತೋ ಹಾಂಗೆ ಮಾಡು. ನಾಳೆ ಹೊಟ್ಟೆನೋವು ಬಂದ್ರೆ ನಿಂಗೇ ಬರೂದು, ಅವಂಗಲ್ಲ" ಎಂದರು.

ಎಲ್ಲ ಹೇಳಿದೆ. ಎರಡು ಪುಟ ನನ್ನ ಕೈಯಾರೆ ಬರೆದು ಸಹಿ ಹಾಕಿ ಕೊಟ್ಟೆ. ಅಧಿಕಾರಿ ಓದಿ, ಕನ್ನಡಕ ತೆಗೆದು ಕೇಳಿದರು: "ಮೇಡಂ, ನೀವು ಬೇಡ ಅಂತ ಬೀಸಿದ್ದು ಸರಿ. ಮೇಲೆ ಇರುವವರಿಗೆ ಅದು ಹೇಗೆ ತಿಳಿಯಬೇಕು?" ಅದೇ ಪ್ರಶ್ನೆ ನನ್ನದೂ ಆಗಿತ್ತು. ಅವರು ಏನನ್ನೋ ಬರೆದುಕೊಂಡು, ತನಿಖೆ ನಡೆಯುತ್ತಿದೆ ಎಂದು ಹೇಳಿ ಹೋದರು. ತನಿಖೆಯಲ್ಲಿ ಏನು ಬಂತೆಂದು ನಮಗೆ ಯಾರೂ ತಿಳಿಸಲಿಲ್ಲ.

ಮುರಿದ ವಿಮಾನವನ್ನು ತುಂಡು ಮಾಡಿ ಲಾರಿಯಲ್ಲಿ ಒಯ್ದರು. ಅದು ಉಳುಮೆ ಮಾಡಿದ ಜಾಗದಲ್ಲಿ ಕಗ್ಗ ಅಡ್ಡಬಿದ್ದಿತ್ತು. ಹದಿನೈದು ದಿನಕ್ಕೆ ಅರ್ಧಕ್ಕರ್ಧ ತಲೆಯೆತ್ತಿತು, ತೆನೆಯಲ್ಲಿ ಕಾಳೂ ಕಟ್ಟಿತು. ದೀಪಾವಳಿ ಕಳೆದು ಕೊಯ್ಲಾಯಿತು. ನಾನು ಶಾಲೆಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಮಕ್ಕಳ ಮೇಲೆ ಮೊದಲಿಗಿಂತ ಕಡಿಮೆ ರೇಗುತ್ತಿದ್ದೆ. ಅದೇ ನನಗೆ ಹುಷಾರಿಲ್ಲ ಎನ್ನುವುದಕ್ಕೆ ಗುರುತು ಎಂದು ಸಹೋದ್ಯೋಗಿಗಳು ಆಡಿಕೊಂಡರು. ಯಾರಾದರೂ ದೂರದಿಂದ ಕೈ ಬೀಸಿದರೆ ಈಗಲೂ ಒಂದು ಕ್ಷಣ ನಿಂತು ಯೋಚಿಸುತ್ತೇನೆ.

ಮೇ ತಿಂಗಳಲ್ಲಿ, ಬೀಜಕ್ಕೆಂದು ಭತ್ತ ನೆನೆಸುವ ದಿನ, ಕೋಲೂರಿಕೊಂಡು ಒಬ್ಬರು ನಮ್ಮ ಅಂಗಳಕ್ಕೆ ಬಂದರು. ಮೀಸೆ ನೋಡಿ ಗುರುತು ಹಿಡಿದೆ. ತಲೆ ಮೇಲಾಗಿ ನಿಂತ ಅವರನ್ನು ನಾನು ನೋಡಿದ್ದು ಆಗಲೇ. ಇಷ್ಟು ಎತ್ತರದವರೆಂದು ಗೊತ್ತೇ ಇರಲಿಲ್ಲ! ಹುಬ್ಬಿನ ಮೇಲೆ ಗಾಯದ ಗೆರೆ, ನಡಿಗೆಯಲ್ಲಿ ಸ್ವಲ್ಪ ಕುಂಟು. ಕುಮಟಾದಲ್ಲಿ ಬಸ್ಸಿಳಿದು ಕೇಳಿಕೊಂಡು ಕೇಳಿಕೊಂಡು ಬಂದಿದ್ದರು. ಅತ್ತೆ ಕಾಲು ತೊಳೆಯಲು ನೀರು ಕೊಟ್ಟು, ಜಗಲಿಯಲ್ಲಿ ಕೂರಿಸಿ, ಕೇಳದೆಯೇ ಕಗ್ಗದಕ್ಕಿಯ ಗಂಜಿ, ಉಪ್ಪಿನಕಾಯಿ ತಂದಿಟ್ಟರು. ನಾನು ನಡುವೆ ಕೂತು ಹಿಂದಿಯನ್ನು ಕನ್ನಡಕ್ಕೂ ಕನ್ನಡವನ್ನು ಹಿಂದಿಗೂ ಮಾಡಿ ಹೇಳುತ್ತಿದ್ದೆ. ಅವರು ವಿಮಾನ ಹಾರಿಸಲು ಕಲಿಸುವ ಮೇಷ್ಟ್ರಂತೆ. ಅಂದು ಒಬ್ಬರೇ ದಕ್ಷಿಣಕ್ಕೆ ವಿಮಾನ ಒಯ್ಯುತ್ತಿದ್ದರಂತೆ. ಈಗ ಹಾರುವುದಿಲ್ಲ, ಪಾಠ ಮಾತ್ರ ಮಾಡುತ್ತೇನೆ, ಮುಂದಿನ ವರ್ಷ ನೋಡೋಣ ಎಂದರು.

ಅವರು ಕೈ ತೊಳೆಯುವವರೆಗೆ ಹೇಗೋ ತಡೆದುಕೊಂಡೆ. ಆಮೇಲೆ ಎದುರಿಗೆ ನಿಂತು ಹೇಳಿಬಿಟ್ಟೆ. ನಮ್ಮಲ್ಲಿ ಬಟ್ಟೆ ಬೀಸಿದರೆ ಬರಬೇಡ ಎಂದರ್ಥ. ನಾನು ನಿಮಗೆ ಬರಬೇಡ ಎಂದೆ. ನೀವು ಕರೆದೆ ಎಂದು ತಿಳಿದು ಬಂದಿರಿ. ನಿಮ್ಮ ಕಾಲು ಹೀಗಾದದ್ದು ನನ್ನಿಂದ. ಕ್ಷಮಿಸಿ ಎನ್ನಲೂ ನನಗೆ ಮುಖವಿಲ್ಲ.

ಅವರು ಕೋಲನ್ನು ಗೋಡೆಗೆ ಒರಗಿಸಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು.

"ಎಂಜಿನ್ ಆಗಲೇ ಕೈಕೊಟ್ಟಿತ್ತು. ಎಲ್ಲಾದರೂ ಇಳಿಯಲೇಬೇಕಿತ್ತು. ಹೊಳೆಗೆ ಇಳಿಸುವುದೆಂದು ನಿರ್ಧಾರ ಮಾಡಿಯಾಗಿತ್ತು. ನೀರಿಗೆ ಬಿದ್ದರೆ ಬದುಕುವುದು ಕಷ್ಟ ಎಂದು ಗೊತ್ತಿತ್ತು. ಆದರೆ ಆ ಮಳೆಯಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಆಗ ಕೆಂಪಗೆ ಏನೋ ಆಡಿತು. ನೀವು ಬಾ ಅಂದಿರೋ ಬೇಡ ಅಂದಿರೋ, ನಾನು ಅದನ್ನು ಯೋಚಿಸಲೇ ಇಲ್ಲ ಟೀಚರ್. ಅಲ್ಲಿ ಜನ ಇದ್ದಾರೆ ಅಂದುಕೊಂಡೆ. ಹೇಗೂ ಬೀಳ್ತೇನೆ, ಬಿದ್ದರೆ ಜನರ ಹತ್ತಿರವಾದರೂ ಬೀಳೋಣ ಅಂತ ತಿರುಗಿಸಿದೆ."



"ಎಂತ ಹೇಳ್ತ್ರು? ಹೇಳೇ!" ಎಂದು ಅತ್ತೆ ನನ್ನ ತೋಳು ಅಲ್ಲಾಡಿಸಿದರು. ಕನ್ನಡಕ್ಕೆ ಮಾಡಿ ಹೇಳಲು ಹೋದೆ. ಎರಡು ಸಲ ಪ್ರಯತ್ನಿಸಿ, ಮೂರನೆಯ ಸಲ ಪೂರ್ತಿ ಹೇಳಿದೆ. ಅತ್ತೆ ಕೇಳಿ, ಅವರ ಕುಂಟುಗಾಲಿನ ಮೇಲೆ ಕೈಯಿಟ್ಟು ಸವರಿದರು. ಅವರಿಗೆ ತಿಳಿಯುತ್ತದೋ ಇಲ್ಲವೋ ಎಂದು ನೋಡದೆ ನಮ್ಮ ಮಾತಿನಲ್ಲೇ, "ಸರಿಯಾದ ಜಾಗಕ್ಕೇ ಬಿದ್ದೆ ಮಗಾ" ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ತಿಂಗಳು ಕಾದದ್ದಕ್ಕೆ, ಬದುಕಿ ಬಂದದ್ದಕ್ಕೆ, ಎಲ್ಲದಕ್ಕೂ. "ಇದನ್ನು ಹೇಳಲು ಏಳು ತಿಂಗಳು ಬೇಕಾಯಿತೇ ನಿಮಗೆ? ಒಂದು ಕಾಗದ ಹಾಕಲಿಕ್ಕೆ ಆಗಲಿಲ್ಲವೇ?" ಎಂದು ಮಕ್ಕಳನ್ನು ಬೈಯುವ ಧ್ವನಿಯಲ್ಲೇ ಬೈದೆ. ಆ ಮೇಷ್ಟ್ರು ತಪ್ಪು ಮಾಡಿದ ಹುಡುಗನ ಹಾಗೆ ಕೈಕಟ್ಟಿ ನಿಂತು ನಕ್ಕರು. ನಾನು ಅಂಗಳಕ್ಕೆ ಇಳಿದು, ನೆನೆಯಲು ಹಾಕಿದ ಭತ್ತದ ಮುಂದೆ ಕೂತು, ತೇಲಿಬಂದ ಜೊಳ್ಳನ್ನು ಆರಿಸುತ್ತ ಮನಸಾರೆ ಅತ್ತೆ.